ಹಿಮದೇಶದ ನಾಯಿಯೂ ಗಡಿನಾಡಿನ ಬಿಸಿಲೂ

ಪುಣೆ-ಬೆಂಗಳೂರು ಹೆದ್ದಾರಿಯು ಮಹಾರಾಷ್ಟ್ರವನ್ನು ಬಿಟ್ಟು ಕರ್ನಾಟಕವನ್ನು ಸೇರುವಲ್ಲಿ ನಿಪ್ಪಾಣಿ ತಾಲೂಕಿನ ಕೊಗನೊಳ್ಳಿ ಗ್ರಾಮವಿರುವದು. ಈ ಭಾಗದ ರೈತನು ನಾಯಿ ಸಾಕುವದು ಹೊಲದ ಕಾವಲಿಗಾಗಿ, ಕುರಿಯ ಹಟ್ಟಿಗಾಗಿ. ಪಟ್ಟಣಗಳಲ್ಲಾದರೋ ಸಮೊಯೆಡ್, ಹಸ್ಕಿ ಮುಂತಾದ ದಟ್ಟಗೂದಲಿನ ನಾಯಿಗಳನ್ನು ಶೋಭೆಗಾಗಿ ಕೊಳ್ಳುವ ಚಾಳಿ ಹಬ್ಬಿದೆ. ಹಳ್ಳಿಯ ಅನುಕೂಲಸ್ಥರು ಇದಕ್ಕೆ ಮನಸೋಲುವ ಮುನ್ನ ಆ ಪ್ರಾಣಿಯ ಪೂರ್ವೇತಿಹಾಸವನ್ನು ವಿಚಾರಿಸುವದು ಯೋಗ್ಯ.

ಸಮೊಯೆಡ್ ನಾಯಿಯು ಸೈಬೀರಿಯದ ವಾಯವ್ಯದಲ್ಲಿ ಹಿಮಸಾರಂಗ ಕಾಯುವ ನೆನೆತ್ಸ್ ಮೊದಲಾದ ಜನರದು. ಅದು ಮಂದೆ ತಿರುಗಿಸುತ್ತಿತ್ತು, ಜಾರುಬಂಡಿ ಎಳೆಯುತ್ತಿತ್ತು. 1889ರಲ್ಲಿ ಅರ್ನೆಸ್ಟ್ ಕಿಲ್ಬರ್ನ್ ಸ್ಕಾಟ್ ಎಂಬವರು ಇಂಗ್ಲೆಂಡಿಗೆ ಒಯ್ದ ಮರಿಯು ಕಂದು ಬಣ್ಣದ್ದು. ಈಗ ಜನ ಮರುಳಾಗುವ ಬಿಳುಪು ಬಹುಮಟ್ಟಿಗೆ ತಳಿ ಬೆಳೆಸಿದವರ ಆಯ್ಕೆಯ ಫಲ. ಸ್ವಭಾವ ಬಲು ಸಾಧು, ಪರಕೀಯನನ್ನೂ ಬಾಲವಾಡಿಸಿ ಬರಮಾಡಿಕೊಳ್ಳುವದು. ಆದಕಾರಣ ಕಾವಲಿಗೆ ನಿರುಪಯೋಗಿ. ಒಂಟಿಯಾಗಿ ಕಟ್ಟಿದರೆ ಊಳಿಡುತ್ತದೆ.

ಅದರ ಮೈಗೆ ಎರಡು ಪದರು ಕೂದಲು: ಒಳಗೆ ಉಣ್ಣೆಯಂತಹ ಮೃದು ಪದರು, ಹೊರಗೆ ನೀಳವಾದ ಒರಟು ಪದರು. ನಾಯಿಗೆ ಮೈತುಂಬ ಬೆವರುವ ಶಕ್ತಿಯಿಲ್ಲ; ತೇಕುವದೇ ಅದರ ಮುಖ್ಯ ಉಪಾಯ. ಚೈತ್ರ-ವೈಶಾಖಗಳಲ್ಲಿ 35 ಅಂಶ ಸೆಂಟಿಗ್ರೇಡ್ ಮೀರುವ ಈ ಸೀಮೆಯಲ್ಲಿ ಹಿಮಕ್ಕೆಂದು ಹುಟ್ಟಿದ ಕಂಬಳಿಯನ್ನು ಅದು ಕಳಚಲಾರದು. ಹೀಗೆಂದು ಬೋಳಿಸುವದು ದೊಡ್ಡ ತಪ್ಪು. ಹೊರಪದರು ಬಿಸಿಲನ್ನೂ ತಡೆಯುತ್ತದೆ. ಬೋಳಿಸಿದ ಚರ್ಮ ಸುಡುವದು, ಕೂದಲು ಮೊದಲಿನಂತೆ ಬೆಳೆಯದೆಯೂ ಹೋಗಬಹುದು. ಉದುರಿದ ಒಳಗೂದಲನ್ನು ಬಾಚಿ ತೆಗೆಯುವದೇ ಸರಿಯಾದ ಕ್ರಮ.

ಈಗಾಗಲೇ ಸಾಕಿದವರು ಸೂರ್ಯೋದಯಕ್ಕೆ ಮೊದಲೂ ಅಸ್ತದ ನಂತರವೂ ಮಾತ್ರ ಅದನ್ನು ತಿರುಗಾಡಿಸಬೇಕು. ತಗಡಿನ ಛಪ್ಪರ ನೆರಳಲ್ಲ, ಒಲೆ! ಕೊಗನೊಳ್ಳಿಯ ಟೋಲ್ ನಾಕೆಯ ಬಳಿ ಚಹಕ್ಕೆ ಇಳಿಯುವ ಪ್ರವಾಸಿಯು ಮುಚ್ಚಿದ ಮೋಟಾರಿನಲ್ಲಿ ನಾಯಿಯನ್ನು ಬಿಟ್ಟರೆ ಅಲ್ಪಕಾಲದಲ್ಲಿಯೇ ಪ್ರಾಣಕ್ಕೆ ಎರವಾಗುವದು. ವಿಪರೀತ ತೇಕು, ಜೊಲ್ಲು, ಕೆಂಪೇರಿದ ಒಸಡು, ತೂರಾಟ ಕಂಡೊಡನೆ ನೆರಳಿಗೆ ತಂದು, ಮೈಮೇಲೆ ತಣ್ಣೀರು ಹೊಯ್ದು, ಗಾಳಿ ಬೀಸಿ, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಹೊಸದಾಗಿ ಕೊಳ್ಳಬಯಸುವವರಿಗೆ ದೂರದ ಹಿಮವೇಕೆ? ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿದ ಬೇಟೆನಾಯಿಯು ಈ ಬಯಲಿನದೇ. ತೆಳುಗೂದಲು, ಹಗುರ ಮೈ. 2005ರಲ್ಲಿ ಅದರ ಚಿತ್ರವುಳ್ಳ ಅಂಚೆಚೀಟಿ ಹೊರಟಿತು. ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರದ ಪಶು ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವಿದೆ. ಆದರೆ ಅದಕ್ಕೂ ಓಡಲು ಬಯಲು ಬೇಕು. ಸರಪಳಿಯಲ್ಲಿಟ್ಟರೆ ಅದೂ ಕೆಡುವದು.