ದೀಪ ಆರಿಸೋದು ರಿಪೇರಿ ಅಲ್ಲ

ಡ್ಯಾಶ್‌ಬೋರ್ಡಿನಲ್ಲಿ ಹಳದಿ ಬಣ್ಣದ ಎಂಜಿನ್ ಚಿತ್ರ ಹತ್ತಿಕೊಂಡರೆ ನಮ್ಮಲ್ಲಿ ಎರಡೇ ಥರದ ಜನ. 'ಸೆನ್ಸರ್ ಏನೋ ಇರ್ಬೇಕು ಬಿಡಿ, ಓಡುತ್ತೆ' ಅನ್ನೋರು ಒಬ್ಬರು. 'ಸ್ಕ್ಯಾನರ್ ಹಾಕ್ಸಿ ಕ್ಲಿಯರ್ ಮಾಡ್ಸಿ' ಅನ್ನೋರು ಇನ್ನೊಬ್ಬರು. ಇಬ್ಬರೂ ಮಾಡ್ತಿರೋದು ಒಂದೇ ಕೆಲಸ. ಜ್ವರ ಬಂದವನ ಬಾಯಿಂದ ಥರ್ಮಾಮೀಟರ್ ಕಿತ್ತು ಬಿಸಾಕೋದು.

ಶುಕ್ರವಾರ ರಾತ್ರಿ ಬೆಂಗಳೂರಿಂದ ಊರಿಗೆ ಹೊರಡೋ ನಮಗೆಲ್ಲ ಇದು ಗೊತ್ತಿರಬೇಕಾದ ವಿಷಯ. ಚನ್ನರಾಯಪಟ್ಟಣ ದಾಟಿ ಹಾಸನದ ಕಡೆ ಆರಾಮಾಗಿ ಹೋಗ್ತಿರ್ತೀರಿ. ಇದ್ದಕ್ಕಿದ್ದಂತೆ ದೀಪ ಹತ್ತುತ್ತೆ, ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಎಳೆಯಲ್ಲ, ಹಿಂದಿನ ಲಾರಿಯವನು ಹಾರ್ನ್ ಹೊಡೀತಾನೆ. ಇದೇ ಲಿಂಪ್ ಮೋಡ್. ಎಂಜಿನ್ನಿಗೆ ದೊಡ್ಡ ಪೆಟ್ಟು ಬೀಳದಿರಲಿ ಅಂತ ಅದರ ಕಂಪ್ಯೂಟರೇ ಶಕ್ತಿ ಕಡಿಮೆ ಮಾಡಿ ಕುಂಟಿಸುತ್ತೆ. ಆಫ್ ಮಾಡಿ ಆನ್ ಮಾಡಿದರೆ ಎಷ್ಟೋ ಸಲ ಸರಿಹೋದ ಹಾಗೆ ಕಾಣುತ್ತೆ. ಸರಿಹೋಗಿರಲ್ಲ, ಅಷ್ಟೆ.

ಆ ಕಂಪ್ಯೂಟರ್ ಸುಮ್ಮನೆ ಕುಂಟಿಸಲ್ಲ, ಕಾರಣವನ್ನೂ ಬರೆದಿಡುತ್ತೆ. ಪಿ0299 ಅಂದರೆ ಟರ್ಬೊದ ಒತ್ತಡ ಸಾಲ್ತಿಲ್ಲ ಅಂತ. ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದು ದಾಖಲೆ: ತೊಂದರೆ ಕಂಡ ಆ ಕ್ಷಣ ವೇಗ ಎಷ್ಟಿತ್ತು, ಆರ್‌ಪಿಎಂ ಎಷ್ಟು, ಎಂಜಿನ್ ಎಷ್ಟು ಬಿಸಿಯಿತ್ತು ಅನ್ನೋದೆಲ್ಲ ಅದರಲ್ಲಿರುತ್ತೆ. 'ಕ್ಲಿಯರ್' ಒತ್ತಿದ ತಕ್ಷಣ ಅದೆಲ್ಲ ಅಳಿಸಿಹೋಗುತ್ತೆ. ಕಳ್ಳತನ ಆದ ಮನೆಯನ್ನ ಪೊಲೀಸರು ಬರೋ ಮೊದಲೇ ಗುಡಿಸಿ ಸಾರಿಸಿದ ಹಾಗೆ.

ಇನ್ನೊಂದು ಮಾತು: ಕೋಡ್ ಹೇಳೋದು ಲಕ್ಷಣವನ್ನ, ಯಾವ ಪಾರ್ಟ್ ಬದಲಿಸಬೇಕು ಅಂತ ಅಲ್ಲ. ಅರಕಲಗೂಡಿನ ನಮ್ಮ ಸಂಬಂಧಿಕರೊಬ್ಬರ ಡೀಸೆಲ್ ಕಾರಿಗೆ ಇದೇ ಪಿ0299 ಬಂದಾಗ ಒಂದು ಸರ್ವಿಸ್ ಸೆಂಟರಿನವರು ನೋಡಿದ ಕೂಡಲೇ 'ಟರ್ಬೊ ಹೋಗಿದೆ ಸಾರ್, ಹೊಸದೇ ಹಾಕ್ಬೇಕು' ಅಂದರು. ಊರಿನ ಮೆಕ್ಯಾನಿಕ್ ಬಾನೆಟ್ ಎತ್ತಿ, ಇಂಟರ್‌ಕೂಲರಿನ ಹೋಸ್ ಮೇಲೆ ಕೈಯಾಡಿಸಿ, ಸೀಳು ತೋರಿಸಿದ. ಟರ್ಬೊ ನೆಟ್ಟಗೇ ಇತ್ತು. ಗಾಳಿ ದಾರಿಯಲ್ಲೇ ಸೋರಿ ಹೋಗ್ತಿತ್ತು.

ಹೊಳೆನರಸೀಪುರದ ಕಥೆ ಬೇರೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ಡೀಸೆಲ್ ಕಾರುಗಳಿಗೆ ಮಸಿ ಹಿಡಿಯೋ ಫಿಲ್ಟರ್ ಬಂತು, ಡಿಪಿಎಫ್. ಆ ಮಸಿ ಸುಟ್ಟುಹೋಗೋಕೆ ಸೈಲೆನ್ಸರ್ ಕಡೆ ಹೋಗೋ ಹೊಗೆ 600 ಡಿಗ್ರಿ ಆಸುಪಾಸು ಕಾಯಬೇಕು. ಅಪ್ಪ ದಿನಾ ಮನೆಯಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಅಂತ ಎರಡೆರಡು ಕಿಲೋಮೀಟರ್ ಓಡಿಸಿದರೆ ಎಲ್ಲಿಂದ ಕಾಯುತ್ತೆ? ಫಿಲ್ಟರ್ ಕಟ್ಟುತ್ತೆ, ದೀಪ ಹತ್ತುತ್ತೆ, ಕೊನೆಗೆ ಗಾಡಿ ಕುಂಟುತ್ತೆ. ಮೊದಲ ಸೂಚನೆ ಬಂದಾಗಲೇ ಹೈವೇನಲ್ಲಿ ಹದವಾದ ವೇಗದಲ್ಲಿ ಒಂದರ್ಧ ಗಂಟೆ ಓಡಿಸಿದ್ರೆ ಎಷ್ಟೋ ಸಲ ತಾನೇ ಸರಿಹೋಗುತ್ತೆ. ಮಾರುವಾಗ ಸನ್‌ರೂಫ್ ಬಗ್ಗೆ ಅರ್ಧ ಗಂಟೆ ಮಾತಾಡೋ ಸೇಲ್ಸ್‌ಮನ್‌ಗೆ ಇದನ್ನ ಹೇಳೋಕೆ ಅರ್ಧ ನಿಮಿಷ ಸಿಗಲ್ಲ.

'ಊರಿನ ಮೆಕ್ಯಾನಿಕ್‌ಗಳಿಗೆ ಹೊಸ ಗಾಡಿ ಬರಲ್ಲ' ಅಂತ ಮೂಗು ಮುರಿಯೋರಿಗೆ ಒಂದು ಪ್ರಶ್ನೆ: ಬರೋಕೆ ಬಿಟ್ಟಿದ್ದು ಯಾರು? ಬಿಡಿಭಾಗ, ಡಯಾಗ್ನಸ್ಟಿಕ್ ಉಪಕರಣ, ಕೈಪಿಡಿಗಳನ್ನ ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ಹಾಕಿತ್ತು. ವಿಷಯ ಮೇಲ್ಮನವಿಗಳ ದಾರಿ ಹಿಡೀತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆ ಸಮಿತಿ ಮಾಡಿತು, ಅದರ ಪಟ್ಟಿಯಲ್ಲಿ ವಾಹನಗಳೂ ಇವೆ. ಸಮಿತಿ ಒಳ್ಳೇದೇ. ಆದರೆ ಅರಕಲಗೂಡಿನ ಗ್ಯಾರೇಜಿಗೆ ಬೇಕಿರೋದು ಸಮಿತಿ ಅಲ್ಲ, ಕೈಗೆಟುಕೋ ಬೆಲೆಯ ಸ್ಕ್ಯಾನರ್ರು, ಸರಿಯಾದ ಕೈಪಿಡಿ, ತರಬೇತಿ.

ಇದು ಬರೀ ದುಡ್ಡಿನ ಮಾತಲ್ಲ ಕಣ್ರೀ. ನಮ್ಮಲ್ಲಿ ಎಷ್ಟೋ ಜನರ ಊರಿನ ಮನೇಲಿ ಅಪ್ಪ ಅಮ್ಮ ಇಬ್ಬರೇ. ಮಧ್ಯರಾತ್ರಿ ಎದೆನೋವು ಬಂದರೆ ಹಾಸನದ ಆಸ್ಪತ್ರೆಗೆ ಮೂವತ್ತು ಕಿಲೋಮೀಟರ್ ಹೋಗಬೇಕಾಗಿರೋದು ಅದೇ ಕಾರಿನಲ್ಲಿ. 'ಕ್ಲಿಯರ್ ಮಾಡಿ ಕಳಿಸಿದ' ಕಾರಿನಲ್ಲಿ.

ಆದ್ದರಿಂದ ಜಗಳ ಆಡಿ, ನಾಚ್ಕೋಬೇಡಿ. ಅಳಿಸೋ ಮೊದಲು ಕೋಡು, ಫ್ರೀಜ್ ಫ್ರೇಮಿನ ಫೋಟೊ ತೆಗೀರಿ. 'ಈ ಪಾರ್ಟೇ ಹೋಗಿದೆ ಅಂತ ಯಾವ ಟೆಸ್ಟ್ ಮಾಡಿ ಹೇಳಿದ್ರಿ?' ಅಂತ ಕೇಳಿ, ಉತ್ತರವನ್ನ ಜಾಬ್ ಕಾರ್ಡಿನಲ್ಲಿ ಬರೆಸಿ. ಬಿಚ್ಚಿದ ಹಳೇ ಪಾರ್ಟ್ ವಾಪಸ್ ಇಸ್ಕೊಳ್ಳಿ. ದೀಪ ಮಿಣುಕ್ತಾ ಇದ್ದರೆ, ಇಲ್ಲಾ ಕೆಂಪು ಆಯಿಲ್ ದೀಪ ಹತ್ತಿದರೆ, ಸುರಕ್ಷಿತವಾದ ಕಡೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ. ಬರೀ ಹಳದಿ ಸ್ಥಿರವಾಗಿದ್ದರೆ ನಿಧಾನಕ್ಕೆ ಊರು ಸೇರಿ, ಆದರೆ ಸೋಮವಾರಕ್ಕೆ ಮರೀಬೇಡಿ.

ಆಫೀಸಿನಲ್ಲಿ ಸರ್ವರ್ ಬಿದ್ದಾಗ ಲಾಗ್ ಅಳಿಸಿ 'ಫಿಕ್ಸ್ ಆಯ್ತು' ಅಂದವನನ್ನ ನಾವ್ಯಾರೂ ಎಂಜಿನಿಯರ್ ಅನ್ನಲ್ಲ. ಅದೇ ಕೆಲಸ ಮಾಡಿದ ಗ್ಯಾರೇಜಿಗೆ ಬಿಲ್ ಯಾಕ್ರೀ ಕಟ್ತೀರಿ?