ರಸೀದಿ ಇಲ್ಲದ ವ್ಯಾಪಾರ: ಹೊರೆ ಯಾರ ಹೆಗಲಿಗೆ?

“ಬಿಲ್ಲು ಬೇಕೆ? ಬಿಲ್ಲು ಬೇಕಾದರೆ ತೆರಿಗೆ ಸೇರಿಸಬೇಕಾಗುತ್ತದೆ.” ಮನೆ ಕಟ್ಟಿಸಿದವರು, ಪೀಠೋಪಕರಣ ಕೊಂಡವರು, ಮದುವೆಗೆ ಸಭಾಂಗಣ ಗೊತ್ತುಮಾಡಿದವರು ಈ ಮಾತನ್ನು ಕೇಳದೆ ಇರಲಾರರು. ಕೇಳುವವರ ದನಿಯಲ್ಲಿ ಅಳುಕಿಲ್ಲ, ಉತ್ತರಿಸುವ ನಮ್ಮ ದನಿಯಲ್ಲಿಯೂ ಇಲ್ಲ. ಹಾಳೆಯ ಮೇಲೆ ಪೆನ್ನಿನಲ್ಲಿ ಬರೆದ ಕಚ್ಚಾ ಚೀಟಿಯೊಂದನ್ನು ಪಡೆದು, ನಗದು ಎಣಿಸಿ ಕೊಟ್ಟು, ಏನೋ ಉಳಿತಾಯ ಮಾಡಿದ ಸಮಾಧಾನದಿಂದ ನಾವು ಮನೆಗೆ ಮರಳುತ್ತೇವೆ. ಕೋಟಿಗಟ್ಟಲೆ ಹಣವನ್ನು ವಿದೇಶಿ ಬ್ಯಾಂಕುಗಳಲ್ಲಿ ಬಚ್ಚಿಟ್ಟವರ ಬಗ್ಗೆ ಸಿಡಿಮಿಡಿಗೊಳ್ಳುವ ನಾವು, ನಮ್ಮ ಕಣ್ಣೆದುರಿಗೆ ನಿತ್ಯವೂ ನಡೆಯುವ ಈ ಸಣ್ಣ ವಂಚನೆಯನ್ನು ವಂಚನೆಯೆಂದು ಪರಿಗಣಿಸುವುದೇ ಇಲ್ಲ.

ಲೆಕ್ಕವನ್ನು ಒಮ್ಮೆ ಬಿಡಿಸಿ ನೋಡೋಣ. ಒಂದು ಲಕ್ಷ ರೂಪಾಯಿ ಬೆಲೆಯ ನೆಲಹಾಸು ಟೈಲ್ಸ್‌ಗೆ ಶೇಕಡ 18ರಂತೆ ಸರಕು ಮತ್ತು ಸೇವಾ ತೆರಿಗೆ ಸೇರಿದರೆ 1,18,000 ರೂಪಾಯಿಯಾಗುತ್ತದೆ. ಪಕ್ಕದ ಅಂಗಡಿಯವರು ಬಿಲ್ಲಿಲ್ಲದೆ 1,08,000ಕ್ಕೆ ಕೊಡುತ್ತಾರೆ. ಸರಕು ಮೂಲದಿಂದಲೇ ಬಿಲ್ಲಿಲ್ಲದೆ ಬಂದಿದ್ದರೆ, ಖಜಾನೆಗೆ ಸೇರಬೇಕಾಗಿದ್ದ 18,000 ರೂಪಾಯಿಗಳಲ್ಲಿ ಹತ್ತು ಸಾವಿರ ಗ್ರಾಹಕನಿಗೂ ಎಂಟು ಸಾವಿರ ವ್ಯಾಪಾರಿಗೂ ಹಂಚಿಹೋಯಿತು. ಇಬ್ಬರಿಗೂ ಲಾಭ, ನಷ್ಟವಾದದ್ದು ಸರಕಾರಕ್ಕೆ ತಾನೆ ಎಂದು ಸುಮ್ಮನಾಗುವಂತಿಲ್ಲ. ಮೊದಲು ನಷ್ಟವಾದದ್ದು ಸರಿಯಾದ ಬಿಲ್ಲು ಕೊಟ್ಟು 1,18,000 ರೂಪಾಯಿ ಕೇಳಿದ ಆ ಮತ್ತೊಂದು ಅಂಗಡಿಯವನಿಗೆ. ಅವನು ದುಬಾರಿಯವನೆಂಬ ಹೆಸರು ಪಡೆದು ಗಿರಾಕಿಯನ್ನು ಕಳೆದುಕೊಂಡ. ಪ್ರಾಮಾಣಿಕತೆಗೆ ದಂಡ ತೆತ್ತವನು ಅವನೊಬ್ಬನೇ.

2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯು ಈ ರೋಗಕ್ಕೆ ಮದ್ದಾಗಬೇಕಾಗಿತ್ತು. ಕೊಂಡಾಗ ತೆತ್ತ ತೆರಿಗೆಯನ್ನು ಮಾರಿದಾಗ ತೆರಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು ಅವಕಾಶವಿರುವುದರಿಂದ, ಪ್ರತಿಯೊಬ್ಬ ವ್ಯಾಪಾರಿಯೂ ತನಗೆ ಸರಕು ಕೊಟ್ಟವನಿಂದ ಬಿಲ್ಲು ಕೇಳಿಯೇ ಕೇಳುತ್ತಾನೆ ಎಂಬುದು ಅದರ ತರ್ಕ. ಆದರೆ ಸರಪಳಿಯ ಕೊನೆಯ ಕೊಂಡಿಯಾದ ಗ್ರಾಹಕನಿಗೆ ಕಳೆದುಕೊಳ್ಳಲು ಯಾವ ತೆರಿಗೆಯೂ ಇಲ್ಲ. ಆದ್ದರಿಂದ ಬಿಲ್ಲು ಕೇಳುವ ಕಾರಣವೂ ಅವನಿಗಿಲ್ಲ. ಸರಪಳಿ ತುಂಡಾಗುವುದು ಇಲ್ಲಿಯೇ. ಇದರ ಬೆನ್ನಿಗೇ ನಕಲಿ ಬಿಲ್ಲಿನ ದಂಧೆಯೂ ಹುಟ್ಟಿಕೊಂಡಿತು. ಸರಕು ಬಿಲ್ಲಿಲ್ಲದೆ ಒಬ್ಬನಿಗೆ ಹೋಗುತ್ತದೆ. ಸರಕಿಲ್ಲದ ಬಿಲ್ಲು ಇನ್ನೊಬ್ಬನಿಗೆ ಹೋಗುತ್ತದೆ. ಆ ಎರಡನೆಯವನು ಕೊಳ್ಳದ ಸರಕಿನ ಮೇಲೆ ತೆರಿಗೆ ತೆತ್ತೆನೆಂದು ತೋರಿಸಿ ತನ್ನ ಬಾಕಿಯನ್ನು ಇಳಿಸಿಕೊಳ್ಳುತ್ತಾನೆ.

ಕೆಲವು ಉಪಾಹಾರಗೃಹಗಳಲ್ಲಿ ಕಾಣುವ ಇನ್ನೊಂದು ರೀತಿ ಇದಕ್ಕಿಂತ ಹೀನವಾದುದು. ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯೊಳಗಿನ ವಹಿವಾಟಿನವರಿಗೆ ರಾಜಿ ತೆರಿಗೆಯೆಂಬ ಸರಳ ಪದ್ಧತಿಯಿದೆ. ವ್ಯಾಪಾರಿ ತನ್ನ ವಹಿವಾಟಿನ ಶೇಕಡ 1ರಷ್ಟನ್ನು, ಉಪಾಹಾರಗೃಹದವರು ಶೇಕಡ 5ರಷ್ಟನ್ನು ತಮ್ಮ ಕೈಯಿಂದ ತೆತ್ತರೆ ಸಾಕು. ಆದರೆ ಗ್ರಾಹಕನಿಂದ ತೆರಿಗೆಯೆಂದು ಪ್ರತ್ಯೇಕವಾಗಿ ಒಂದು ಪೈಸೆಯನ್ನೂ ಪಡೆಯುವಂತಿಲ್ಲ; ತಾವು ಈ ಪದ್ಧತಿಗೆ ಸೇರಿದವರೆಂದು ಅಂಗಡಿಯ ಫಲಕದಲ್ಲಿ ಬರೆದಿರಬೇಕು. ಆದರೂ ತೆರಿಗೆಯ ಹೆಸರಿನಲ್ಲಿ ಹಣ ಪಡೆದು ಪೆಟ್ಟಿಗೆಗೆ ಹಾಕಿಕೊಳ್ಳುವವರಿದ್ದಾರೆ. ಇಲ್ಲಿ ಗ್ರಾಹಕ ತೆರಿಗೆ ಕೊಟ್ಟಾಗಿದೆ, ಅದು ಸೇರಬೇಕಾದಲ್ಲಿಗೆ ಸೇರಿಲ್ಲ ಅಷ್ಟೆ.

ಕರ್ನಾಟಕದಲ್ಲಿ ಈ ಪ್ರಶ್ನೆ ಬೀದಿಗೆ ಬಂದದ್ದು 2025ರ ಜುಲೈ ತಿಂಗಳಲ್ಲಿ. ವಾಣಿಜ್ಯ ತೆರಿಗೆಗಳ ಇಲಾಖೆಯು 2021-22ರಿಂದ ನಾಲ್ಕು ವರ್ಷಗಳ ಯುಪಿಐ ಪಾವತಿಗಳ ಲೆಕ್ಕವನ್ನು ತರಿಸಿಕೊಂಡು, ನೋಂದಣಿ ಇಲ್ಲದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ಬೇಕರಿ, ಕಾಂಡಿಮೆಂಟ್ಸ್, ಬೀಡಾ ಅಂಗಡಿ, ಚಹಾ ಅಂಗಡಿಗಳವರು ಲಕ್ಷಗಟ್ಟಲೆ ಬಾಕಿಯ ಮೊತ್ತವನ್ನು ಕಂಡು ಕಂಗಾಲಾದರು. ತೆರಿಗೆಯೇ ಇಲ್ಲದ ತಾಜಾ ತರಕಾರಿಯನ್ನು ಮಾರುವ ಒಬ್ಬರಿಗೆ 29 ಲಕ್ಷ ರೂಪಾಯಿಯ ನೋಟೀಸು ಬಂದ ಸುದ್ದಿಯನ್ನು ಓದಿ ಮರುಗದವರಿಲ್ಲ. ನೆಂಟರಿಷ್ಟರಿಂದ ಬಂದ ಕೈಸಾಲವೂ ವಹಿವಾಟಿನ ಲೆಕ್ಕಕ್ಕೆ ಸೇರಿಹೋಗಿದೆಯೆಂದು ಹಲವರು ದೂರಿದರು. ಅಂಗಡಿಗಳಲ್ಲಿ “ಯುಪಿಐ ಇಲ್ಲ, ನಗದು ಮಾತ್ರ” ಎಂಬ ಚೀಟಿಗಳು ಅಂಟಿಕೊಂಡವು. ಜುಲೈ 25ಕ್ಕೆ ಬಂದ್ ಕರೆಯೂ ಹೊರಟಿತು. ಅದಕ್ಕೆ ಎರಡು ದಿನ ಮೊದಲು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳೊಡನೆ ಮಾತುಕತೆ ನಡೆಸಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಆದರೆ ಮುಂದೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಭರವಸೆಯಿತ್ತರು. ಬಂದ್ ಕೈಬಿಡಲಾಯಿತು.

ಅರಿವಿಲ್ಲದ ಬಡ ವ್ಯಾಪಾರಿಗೆ ದೊರೆತ ಈ ಬಿಡುಗಡೆಯನ್ನು ನಾವು ಆಕ್ಷೇಪಿಸುವುದಿಲ್ಲ. ಏಳೆಂಟು ವರ್ಷ ತಿಳುವಳಿಕೆ ನೀಡುವುದನ್ನು ಮರೆತು ಒಮ್ಮೆಲೇ ನೋಟೀಸು ನೀಡಿದ ಇಲಾಖೆಯ ಕ್ರಮ ನ್ಯಾಯವಾದುದಲ್ಲ. ಆದರೆ ಅದೇ ಬೀದಿಯ ಇನ್ನೊಂದು ಅಂಗಡಿಯನ್ನು ಯಾರೂ ನೆನೆಯಲಿಲ್ಲ ಎಂಬುದು ನಮ್ಮನ್ನು ಬಾಧಿಸುತ್ತದೆ. ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ, ಅಂದರೆ ದಿನಕ್ಕೆ ಸುಮಾರು 11 ಸಾವಿರದ ವ್ಯಾಪಾರ. ಆ ಮಿತಿ ದಾಟಿದಾಗ ತಾನಾಗಿಯೇ ನೋಂದಣಿ ಮಾಡಿಸಿ, ರಾಜಿ ಪದ್ಧತಿಯಲ್ಲಿ 60 ಲಕ್ಷದ ವಹಿವಾಟಿಗೆ ವರ್ಷಕ್ಕೆ 60 ಸಾವಿರ ತೆತ್ತು, ಲೆಕ್ಕಪತ್ರ ಬರೆಯುವವರಿಗೆ ಸಂಬಳ ಕೊಟ್ಟವನೊಬ್ಬ ಅಲ್ಲಿದ್ದಾನೆ. ಅವನ ತೆರಿಗೆ ತಡವಾದರೆ ವರ್ಷಕ್ಕೆ ಶೇಕಡ 18ರ ಬಡ್ಡಿ, ವಿವರಪತ್ರ ತಡವಾದರೆ ವಿಳಂಬ ಶುಲ್ಕ. ಎಂದೂ ಬಾಗಿಲಿಗೆ ಬಾರದವನಿಗೆ ಮನ್ನಾ, ಬಾಗಿಲಿಗೆ ಬಂದು ಎರಡು ದಿನ ತಡಮಾಡಿದವನಿಗೆ ದಂಡ! ಅವನು ತನ್ನ ಮಗನಿಗೆ ಯಾವ ಬುದ್ಧಿ ಹೇಳಿಯಾನು?

ಈ ಅನ್ಯಾಯ ಹೊಸದಲ್ಲ. 1981ರಲ್ಲಿ ಕೇಂದ್ರ ಸರಕಾರವು ಕಪ್ಪು ಹಣವನ್ನು ಹೊರತರಲು ವಿಶೇಷ ಬೇರರ್ ಬಾಂಡ್‌ಗಳನ್ನು ಹೊರಡಿಸಿತು. ಹತ್ತು ಸಾವಿರ ರೂಪಾಯಿಯ ಬಾಂಡಿಗೆ ಹತ್ತು ವರ್ಷಗಳ ಬಳಿಕ ಹನ್ನೆರಡು ಸಾವಿರ. ಹಣ ಎಲ್ಲಿಂದ ಬಂತೆಂದು ಕೇಳುವವರಿಲ್ಲ. ಸರ್ವೋಚ್ಚ ನ್ಯಾಯಾಲಯದ ಬಹುಮತವು ಆ ಕಾಯಿದೆಯನ್ನು ಎತ್ತಿಹಿಡಿಯಿತು, ನ್ಯಾಯಮೂರ್ತಿ ಎ.ಸಿ. ಗುಪ್ತಾ ಒಬ್ಬರೇ ಭಿನ್ನಮತ ಬರೆದರು. 1985ರಲ್ಲಿ ಮೆಕ್‌ಡೊವೆಲ್ ಕಂಪೆನಿಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿಯವರು, ಜಾಣತನದಿಂದ ನುಣುಚಿಕೊಳ್ಳುವವರ ಹೊರೆಯು ಕಪಟವರಿಯದ ಸಜ್ಜನರ ಹೆಗಲಿಗೆ ವರ್ಗವಾಗುವುದರ ಅನೀತಿಯನ್ನು ಎತ್ತಿ ಹೇಳಿದರು. 1997ರಲ್ಲಿ ಬಂದ ಆದಾಯ ಸ್ವಯಂಘೋಷಣೆಯ ಯೋಜನೆಯನ್ನು ಲೆಕ್ಕಪರಿಶೋಧನಾ ಮಹಾಲೇಖಪಾಲರು ಪ್ರಾಮಾಣಿಕ ತೆರಿಗೆದಾರರಿಗೆ ಎಸಗಿದ ವಂಚನೆಯೆಂದೇ ಖಂಡಿಸಿದರು. ಆದರೂ 2016ರಲ್ಲಿ ಇನ್ನೊಂದು ಘೋಷಣಾ ಯೋಜನೆ ಬಂತು. ನಮ್ಮ ರಾಜ್ಯದಲ್ಲಿಯೂ ಬಾಕಿದಾರರ ಬಡ್ಡಿ ಮತ್ತು ದಂಡವನ್ನು ಮನ್ನಾ ಮಾಡುವ ಕರಸಮಾಧಾನ ಯೋಜನೆಗಳು ಮತ್ತೆ ಮತ್ತೆ ಬಂದಿವೆ. ಇವೆಲ್ಲ ಕಲಿಸುವ ಪಾಠವೊಂದೇ: ಕಾದವನೇ ಜಾಣ.

ಪ್ರಾಮಾಣಿಕ ತೆರಿಗೆದಾರನೆಂದರೆ ವ್ಯಾಪಾರಿ ಮಾತ್ರವಲ್ಲ. ಶಾಲಾ ಶಿಕ್ಷಕಿ, ಬ್ಯಾಂಕಿನ ಗುಮಾಸ್ತ, ಬಸ್ ನಿರ್ವಾಹಕ, ಇವರ ಕೈಗೆ ಸಂಬಳ ಬರುವ ಮೊದಲೇ ತೆರಬೇಕಾದುದು ಕಡಿತವಾಗಿರುತ್ತದೆ. ತಿಂಗಳಿಗೆ 200 ರೂಪಾಯಿಯ ವೃತ್ತಿ ತೆರಿಗೆಯನ್ನೂ ತಪ್ಪಿಸುವ ದಾರಿ ಅವರಿಗಿಲ್ಲ. ದಿನಗೂಲಿಯವನೂ ಸೋಪು ಕೊಂಡಾಗ, ಮೊಬೈಲಿಗೆ ಹಣ ಹಾಕಿಸಿದಾಗ ತೆರಿಗೆ ತೆರುತ್ತಾನೆ. ತಪ್ಪಿಸಲು ಅವಕಾಶವೇ ಇಲ್ಲದವರು ಬಿಡದೆ ತೆರುತ್ತಾರೆ. ಅವಕಾಶವುಳ್ಳವರು ಆಯ್ಕೆ ಮಾಡಿಕೊಳ್ಳುತ್ತಾರೆ. ಆಸ್ಪತ್ರೆಯ ಔಷಧಿಗೆ, ಶಾಲೆಯ ಬಿಸಿಯೂಟಕ್ಕೆ ಹಣ ಸಾಲದೆ ಬಂದರೆ ಸರಕಾರದ ಕೈ ಮತ್ತೆ ಚಾಚುವುದು ಸುಲಭವಾಗಿ ಸಿಗುವವರ ಕಡೆಗೇ.

ಲೆಕ್ಕಕ್ಕೆ ಸಿಗದ ವ್ಯಾಪಾರದಲ್ಲಿ ಲೆಕ್ಕಕ್ಕೆ ಸಿಗದ ಕೆಲಸಗಾರರೂ ಇರುತ್ತಾರೆ. ವಹಿವಾಟನ್ನು ಅರ್ಧಕ್ಕೆ ಇಳಿಸಿ ತೋರಿಸುವವನು ಹದಿನಾಲ್ಕು ಮಂದಿ ದುಡಿಯುವಲ್ಲಿ ಆರು ಮಂದಿಯನ್ನಷ್ಟೇ ತೋರಿಸುತ್ತಾನೆ. ಉಳಿದವರಿಗೆ ರಾಜ್ಯ ವಿಮೆಯ ಆಸ್ಪತ್ರೆಯಿಲ್ಲ. ಕಥೋಲಿಕ ಧರ್ಮಸಭೆಯು 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥವು ಕಳ್ಳತನವನ್ನು ನಿಷೇಧಿಸುವ ಕಟ್ಟಳೆಯ ಅಡಿಯಲ್ಲಿಯೇ ತೆರಿಗೆ ವಂಚನೆಯನ್ನೂ ಸುಳ್ಳು ಬಿಲ್ಲು ಸೃಷ್ಟಿಸುವುದನ್ನೂ ಎಣಿಸಿರುವುದು ಈ ದೃಷ್ಟಿಯಿಂದ ಅರ್ಥಪೂರ್ಣ. ದುಂದುವೆಚ್ಚವೂ ಅದೇ ಪಟ್ಟಿಯಲ್ಲಿದೆ ಎಂಬುದನ್ನು ಅಧಿಕಾರದಲ್ಲಿರುವವರು ಗಮನಿಸಬೇಕು.

“ನಾವು ಕೊಟ್ಟದ್ದನ್ನು ರಾಜಕಾರಣಿಗಳು ತಿನ್ನುತ್ತಾರೆ, ಹಾಗಿರುವಾಗ ಏಕೆ ಕೊಡಬೇಕು?” ಎಂಬ ವಾದವಿದೆ. ನೋವಿನಿಂದ ಬಂದ ಮಾತು ಅದು, ಅಲ್ಲಗಳೆಯಲಾಗದು. ಆದರೆ ಕೊಡದೆ ಉಳಿಸಿಕೊಂಡ ಹಣದಿಂದ ಯಾವ ಭ್ರಷ್ಟನೂ ಬಡವಾದುದಿಲ್ಲ. ಎರಡು ಲೆಕ್ಕದ ಪುಸ್ತಕ ಇಟ್ಟವನೇ ಲಂಚಕೋರ ಅಧಿಕಾರಿಗೆ ಸುಲಭದ ಬೇಟೆ. ಶುದ್ಧ ಲೆಕ್ಕವಿರುವವನು ಎದೆಯೆತ್ತಿ ಪ್ರಶ್ನಿಸಬಲ್ಲ. ತೆರಿಗೆಯ ದರ ಹೆಚ್ಚಾಯಿತೆಂಬ ದೂರಿಗೂ ಈಗ ಮೊದಲಿನ ಬಲವಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಕೇಕು, ಸೋಪು ಮೊದಲಾದ ಅನೇಕ ನಿತ್ಯದ ವಸ್ತುಗಳ ದರ ಶೇಕಡ 18ರಿಂದ 5ಕ್ಕೆ ಇಳಿದಿದೆ.

ಮಾಡಬೇಕಾದುದು ಮೂವರಿಗೂ ಇದೆ. ಇಲಾಖೆಯವರು ನೋಟೀಸಿಗೆ ಮೊದಲು ಬೀದಿಬೀದಿಗೆ ಬಂದು, ಕನ್ನಡದಲ್ಲಿ, ವ್ಯಾಪಾರಿಗೆ ಅರ್ಥವಾಗುವಂತೆ ತಿಳಿಸಿ ಹೇಳಲಿ. ನಕಲಿ ಬಿಲ್ಲಿನ ದೊಡ್ಡ ಕುಳಗಳನ್ನು ಹಿಡಿಯುವುದರಲ್ಲಿ ಬೀಡಾ ಅಂಗಡಿಯ ಮೇಲೆ ತೋರಿದ ಉತ್ಸಾಹವನ್ನೇ ತೋರಲಿ. ಸರಕಾರವು ಒಬ್ಬರಿಗೆ ಮನ್ನಾ ಘೋಷಿಸುವಾಗ, ಅದೇ ಅವಧಿಯಲ್ಲಿ ಸರಿಯಾಗಿ ತೆತ್ತ ಸಣ್ಣ ವ್ಯಾಪಾರಿಯ ವಿಳಂಬ ಶುಲ್ಕವನ್ನಾದರೂ ಬಿಟ್ಟುಕೊಟ್ಟು ಅವನ ಮುಖ ಉಳಿಸಲಿ. ಗ್ರಾಹಕರಾದ ನಾವು ಬಿಲ್ಲು ಕೇಳಿ ಪಡೆಯುವ ಅಭ್ಯಾಸ ಮಾಡಿಕೊಳ್ಳೋಣ. ಕೊಂಡ ವಸ್ತು ಕೆಟ್ಟಾಗ ಗ್ರಾಹಕ ಆಯೋಗದ ಮುಂದೆ ನಮ್ಮ ಬೆಂಬಲಕ್ಕೆ ನಿಲ್ಲುವುದೂ ಆ ಕಾಗದವೇ.

ಬಿಲ್ಲು ಕೊಡುವ ಅಂಗಡಿಯವನು ಹತ್ತು ರೂಪಾಯಿ ಹೆಚ್ಚು ಕೇಳಿದಾಗ ಅವನನ್ನು ದುಬಾರಿಯವನೆನ್ನುವ ಮೊದಲು, ಅಗ್ಗಕ್ಕೆ ಕೊಟ್ಟವನು ಆ ಹತ್ತು ರೂಪಾಯಿಯನ್ನು ಯಾರ ಜೇಬಿನಿಂದ ತೆಗೆದುಕೊಟ್ಟನೆಂದು ವಿಚಾರಿಸೋಣ. ಸುತ್ತಿ ಬಳಸಿ ಅದು ನಮ್ಮ ಜೇಬಿಗೇ, ಇಲ್ಲವೆ ನಮಗಿಂತ ಬಡವನ ಜೇಬಿಗೇ ಕೈ ಹಾಕಿ ತೆಗೆದದ್ದಾಗಿರುತ್ತದೆ.