ಆಯ್ಕೆ ಯಾರ ಕೈಯಲ್ಲಿದೆ?

‘ಬೇಕಾದ ಕ್ರೀಡಾ ಚಾನೆಲ್‌ಗೆ ದುಡ್ಡು ಕೊಡಿ, ಇಲ್ಲವಾದರೆ ಗೊಣಗಬೇಡಿ’ ಎಂದು ಕಳೆದ ವಾರದ ಲೇಖನ ಕೇಬಲ್ ಗ್ರಾಹಕರಿಗೆ ಬುದ್ಧಿ ಹೇಳಿದೆ. 2019ರಲ್ಲಿ ಬೇಕಾದ ಚಾನೆಲ್ ಆರಿಸಿಕೊಳ್ಳುವ ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮ ಜಾರಿಗೆ ಬಂದಾಗಿನ ಭರವಸೆಯೂ ಇದೇ. ಆದರೆ 2023ರ ಫೆಬ್ರುವರಿಯಲ್ಲಿ ಆದದ್ದೇನು? ಹೊಸ ದರದ ಕರಾರಿಗೆ ಸಹಿ ಹಾಕದ ಕೇಬಲ್ ಸಂಸ್ಥೆಗಳಿಗೆ ಸ್ಟಾರ್, ಸೋನಿ, ಜೀ ಸಿಗ್ನಲ್ ನಿಲ್ಲಿಸಿದವು. ಆಸ್ಟ್ರೇಲಿಯಾ ವಿರುದ್ಧ ದೆಹಲಿ ಟೆಸ್ಟ್ ನಡೆಯುತ್ತಿದ್ದ ಹೊತ್ತು ಅದು. ತಿಂಗಳ ಹಣ ಕಟ್ಟಿದವರಿಗೂ ಚಾನೆಲ್ ಇಲ್ಲ. ಅವರು ಆರಿಸಿಕೊಂಡದ್ದು ಇದನ್ನೇ?

‘ಮುಖ್ಯ ಪಂದ್ಯಗಳು ದೂರದರ್ಶನದಲ್ಲಿ ಹೇಗೂ ಬರುತ್ತವಲ್ಲ’ ಎಂಬುದಂತೂ ಅರ್ಧಸತ್ಯ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲನ್ನು ಖಾಸಗಿಯವರು ದೂರದರ್ಶನ ನಡೆಸುವ ಪ್ರಸಾರ ಭಾರತಿಗೆ ಕೊಡಲೇಬೇಕೆಂದು 2007ರ ಕಾಯ್ದೆ ಹೇಳುತ್ತದೆ, ನಿಜ. ಆದರೆ ಅದು ದೂರದರ್ಶನದ ಭೂಪ್ರಸಾರಕ್ಕೆ ಮತ್ತು ಫ್ರೀ ಡಿಶ್‌ಗೆ ಮಾತ್ರ, ಖಾಸಗಿ ಕೇಬಲ್‌ಗಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಾಗಾಗಿ ಬಿಟ್ಟಿ ಡಿಶ್‌ನವರು ಡಿಡಿಯಲ್ಲಿ ನೋಡುವ ಪಂದ್ಯವನ್ನು ದುಡ್ಡು ತೆತ್ತ ಕೇಬಲ್ ಮನೆಯವರು ಅದೇ ಡಿಡಿಯಲ್ಲಿ ನೋಡುವಂತಿಲ್ಲ. (ಲೇಖಕರ ಮನೆಯಲ್ಲಿ ಯಾವುದಿದೆಯೋ!)

ಗ್ರಾಹಕರಿಗೆ ಉಪದೇಶ ಸಾಕು. ಸಂಸತ್ತು ಆ ಕಾಯ್ದೆಯನ್ನು ತಿದ್ದಲಿ. ಕರಾರಿನ ಜಗಳ ಮುಗಿಯುವ ತನಕ ಸಿಗ್ನಲ್ ನಿಲ್ಲಿಸದಂತೆ ಟ್ರಾಯ್ ನಿಯಮ ಮಾಡಲಿ.